ಒಂಟಿ ಜೇನ್ನೊಣಗಳಿಗೆ ಗೂಡಿನ ಜಾಗ: ಹಿತ್ತಲಿನಲ್ಲಿ, ಹೊಲದ ಬದುವಿನಲ್ಲಿ ಮಾಡಬೇಕಾದ ಕೆಲಸಗಳು

ಜೇನು ಎಂದೊಡನೆ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ನೆನಪಾಗುತ್ತವೆ. ರಾಣಿ, ಕೆಲಸಗಾರ ನೊಣ, ಎರಿ, ತುಪ್ಪ ಎಲ್ಲವೂ ಈ ಕೂಡುಕುಟುಂಬಗಳ ಸಂಗತಿ. ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಜೇನ್ನೊಣಗಳು 20,000 ಜಾತಿಗೂ ಹೆಚ್ಚು, ಅವುಗಳಲ್ಲಿ ಬಹುಪಾಲು ಒಂಟಿಯಾಗಿಯೇ ಬದುಕುತ್ತವೆ. ಹೆಣ್ಣು ತಾನೊಬ್ಬಳೇ ಗೂಡು ಮಾಡುತ್ತದೆ. ಪರಾಗ, ಮಕರಂದ ತಂದು ಕಲಸಿ ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿ ಮುಂದಿನ ಕೋಣೆ ಕಟ್ಟಲು ತೊಡಗುತ್ತದೆ. ಮರಿಯ ಮುಖ ನೋಡುವ ಮೊದಲೇ ಹೆಚ್ಚಿನ ತಾಯಂದಿರ ಆಯುಸ್ಸು ಮುಗಿದಿರುತ್ತದೆ. ತುಪ್ಪ ಕೂಡಿಡುವುದಿಲ್ಲವಾದ್ದರಿಂದ ಇವುಗಳನ್ನು ಸಾಕುವವರಿಲ್ಲ, ಕೇಳುವವರೂ ಕಡಿಮೆ.

ಟೊಮೆಟೊ, ಬದನೆಯ ಹೂವಿನಲ್ಲಿ ಪರಾಗ ಇರುವುದು ಕೊಳವೆಯಂಥ ಕೇಸರದೊಳಗೆ, ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬರುತ್ತದೆ. ತುಡುವೆಗೆ ಅದನ್ನು ಉದುರಿಸಲು ಬಾರದು. ನೀಲಿ ಪಟ್ಟೆ ಜೇನ್ನೊಣ ಮತ್ತು ದೊಡ್ಡ ಕಪ್ಪು ದುಂಬಿ ಹೂವನ್ನು ಹಿಡಿದು, ರೆಕ್ಕೆ ಆಡಿಸದೆ ಎದೆಯ ಸ್ನಾಯುಗಳನ್ನು ಮಾತ್ರ ಕಂಪಿಸಿ ಪರಾಗ ಸುರಿಸಿಕೊಳ್ಳುತ್ತವೆ. ಹತ್ತಿರ ನಿಂತರೆ ಆ ಗುಂಯ್‌ಗುಟ್ಟುವಿಕೆ ಬದಲಾಗುವುದು ಕಿವಿಗೇ ಕೇಳುತ್ತದೆ. ತೊಗರಿಯ ಬಿಗಿ ಹೂವನ್ನು ಅಮುಕಿ ತೆರೆಯುವುದರಲ್ಲಿ ಎಲೆ ಕತ್ತರಿಸುವ ಜೇನ್ನೊಣಗಳು ನಿಪುಣ.

ಇವುಗಳಿಗಾಗಿ ಹೂಗಿಡ ನೆಡುವವರು ಈಗ ಹೆಚ್ಚುತ್ತಿದ್ದಾರೆ, ಒಳ್ಳೆಯದು. ಆದರೆ ನಮ್ಮ ಊರುಗಳಲ್ಲಿ ಹೂವಿಗಿಂತ ಬೇಗ ಕಣ್ಮರೆಯಾಗುತ್ತಿರುವುದು ಗೂಡಿನ ಜಾಗ. ಅಂಗಳಕ್ಕೆ ಸಿಮೆಂಟು ಬಿತ್ತು, ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಬ್ಲಾಕ್ ಬಂತು, ಬದುವಿನ ಒಣಕಡ್ಡಿಗೆ ಬೆಂಕಿ ಬಿತ್ತು. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಗೂಡಿನ ಬಗ್ಗೆಯೇ.

ಮೊದಲ ವಾರ: ಯಾರಿದ್ದಾರೆ ನೋಡಿ

ಏನನ್ನೂ ಕಟ್ಟುವ ಮೊದಲು ಒಂದು ವಾರ, ಬಿಸಿಲಿರುವ ದಿನ ಬೆಳಿಗ್ಗೆ 9ರಿಂದ 12ರವರೆಗಿನ ಹೊತ್ತಿನಲ್ಲಿ ಅರ್ಧ ಗಂಟೆ ಹೂಗಳ ಮುಂದೆ ಕೂತು ನೋಡಿ. ಗುರುತು ಹಿಡಿಯಲು ಇಷ್ಟು ಸಾಕು:

- ಹೊಟ್ಟೆಯ ಅಡಿಭಾಗಕ್ಕೆ ಪರಾಗ ಮೆತ್ತಿಕೊಂಡಿದ್ದರೆ ಅದು ಮೆಗಾಕೈಲ್ ಗುಂಪು. ಎಲೆ ಕತ್ತರಿಸುವವು, ಮಣ್ಣು ಅಥವಾ ಮರದ ಅಂಟು ಬಳಸುವವು ಎಲ್ಲವೂ ಇದರಲ್ಲಿವೆ. ಬೇರೆ ಜೇನ್ನೊಣಗಳು ಸಾಮಾನ್ಯವಾಗಿ ಹಿಂಗಾಲಿನಲ್ಲಿ ಪರಾಗ ಒಯ್ಯುತ್ತವೆ.
- ತುಳಸಿಯ ಮುಂದೆ ಗಾಳಿಯಲ್ಲಿ ನಿಂತು, ಚಕ್ಕನೆ ಜಾಗ ಬದಲಿಸುವ, ಹೊಟ್ಟೆಯ ಮೇಲೆ ನೀಲಿ ಅಥವಾ ಹಸಿರು ಮಿಶ್ರಿತ ನೀಲಿ ಪಟ್ಟೆಗಳಿರುವ ನೊಣ ಅಮೆಗಿಲ್ಲಾ. ಗೂಡು ಮಣ್ಣಿನಲ್ಲಿ.
- ಹೆಬ್ಬೆರಳ ತುದಿಯಷ್ಟು ದಪ್ಪ, ಕಪ್ಪು ಮೈ, ಬಿಸಿಲಿಗೆ ನೇರಳೆಯಾಗಿ ಹೊಳೆಯುವ ರೆಕ್ಕೆ ಇದ್ದರೆ ದುಂಬಿ, ಅಂದರೆ ಝೈಲೋಕೋಪ. ಗೂಡು ಒಣಮರದಲ್ಲಿ, ಬಿದಿರಿನಲ್ಲಿ.
- ಇರುವೆಗಿಂತ ಸ್ವಲ್ಪ ದೊಡ್ಡದು, ಕಪ್ಪು ಅಥವಾ ಲೋಹದ ಹೊಳಪಿನ ಹಸಿರು, ರೋಮವೇ ಇಲ್ಲವೆನ್ನುವಂಥ ಮೈ: ಸಣ್ಣ ದುಂಬಿ, ಸೆರಾಟಿನಾ. ಗೂಡು ಬೆಂಡಿರುವ ಒಣಕಡ್ಡಿಯಲ್ಲಿ.

ಗುಲಾಬಿ ಎಲೆಯ ಅಂಚಿನಲ್ಲಿ ಕಂಪಾಸ್ ಹಿಡಿದು ಕತ್ತರಿಸಿದಂಥ ಅರ್ಧಚಂದ್ರ, ದುಂಡು ಕಚ್ಚುಗಳಿವೆಯೇ ನೋಡಿ. ಕಂಬಳಿಹುಳು ತಿಂದಿದ್ದರೆ ಅಂಚು ಒರಟಾಗಿರುತ್ತದೆ, ಹಿಕ್ಕೆಯೂ ಬಿದ್ದಿರುತ್ತದೆ. ದುಂಡು ಕಚ್ಚು ಗೂಡು ಕಟ್ಟುವ ಹೆಣ್ಣಿನ ಕೆಲಸ. ಅವು ಎಲೆ ತಿನ್ನುವುದಿಲ್ಲ, ಕೋಣೆಗೆ ಒಳಪದರ ಮಾಡಲು ಒಯ್ಯುತ್ತವೆ. ಗಿಡಕ್ಕೆ ಏನೂ ಆಗದು, ಔಷಧಿ ಬೇಡ.

ಕಚ್ಚುತ್ತವೆಯೇ ಎಂಬ ಭಯ ಸಹಜ. ಕಾಯಲು ತುಪ್ಪವಾಗಲಿ ಸಾವಿರಾರು ಮರಿಗಳಾಗಲಿ ಇಲ್ಲವಾದ್ದರಿಂದ ಇವು ಅಟ್ಟಿಸಿಕೊಂಡು ಬರುವುದಿಲ್ಲ. ಕೈಯಲ್ಲಿ ಹಿಸುಕಿದರೆ ಮಾತ್ರ ಹೆಣ್ಣು ಚುಚ್ಚೀತು. ಗಂಡಿಗೆ ಮುಳ್ಳೇ ಇಲ್ಲ.

ನೆಲ: ಖರ್ಚಿಲ್ಲದ, ಆದರೆ ಯಾರೂ ಮಾಡದ ಕೆಲಸ

ಬಿದಿರಿನ ಪೆಟ್ಟಿಗೆಗೆ ಸಿಗುವ ಪ್ರಚಾರ ನೆಲಕ್ಕಿಲ್ಲ. ವಾಸ್ತವದಲ್ಲಿ ಹೆಚ್ಚಿನ ಒಂಟಿ ಜೇನ್ನೊಣಗಳು ನೆಲದಲ್ಲೇ ಬಿಲ ತೋಡುತ್ತವೆ. ಅವುಗಳಿಗೆ ಬೇಕಾದ್ದು ಬರಿಯ ಮಣ್ಣು: ನೀರು ನಿಲ್ಲದ, ಬಿಸಿಲು ಬೀಳುವ, ಯಾರೂ ಅಗೆಯದ ಜಾಗ.

1. ದಿನಕ್ಕೆ 4–5 ಗಂಟೆ ಬಿಸಿಲು, ಅದರಲ್ಲೂ ಬೆಳಗಿನ ಬಿಸಿಲು ಬೀಳುವ ಕಡೆ 1 ಮೀಟರ್ ಅಗಲ, 2 ಮೀಟರ್ ಉದ್ದದ ಜಾಗ ಗುರುತಿಸಿ. ಹೊಲದಲ್ಲಾದರೆ ಬದುವಿನ ಇಳಿಜಾರೇ ಉತ್ತಮ.
2. ಹುಲ್ಲು, ಕಳೆಯನ್ನು ಬುಡಕ್ಕೆ ಕತ್ತರಿಸಿ. ಮಣ್ಣು ಮೊದಲೇ ಗಟ್ಟಿಯಾಗಿ, ಇಳಿಜಾರಾಗಿ ಇದ್ದರೆ ಅಗೆಯುವುದೇ ಬೇಡ.
3. ಸಮತಟ್ಟಾದ, ನೀರು ನಿಲ್ಲುವ ಜಾಗವಾದರೆ ಗೋಡುಮಣ್ಣಿಗೆ ಮೂರನೇ ಒಂದು ಪಾಲು ಮರಳು ಬೆರೆಸಿ 30–45 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಿ. ಕಾಲಿನಿಂದ ತುಳಿದು ಗಟ್ಟಿ ಮಾಡಿ.
4. ಗೊಬ್ಬರ, ಹೊದಿಕೆ, ತರಗೆಲೆ, ಪ್ಲಾಸ್ಟಿಕ್ ಹಾಳೆ ಯಾವುದೂ ಅದರ ಮೇಲೆ ಬೇಡ. ಹೊದಿಕೆ ಬೆಳೆಗೆ ಒಳ್ಳೆಯದೇ ಇರಬಹುದು, ಆದರೆ ಬಿಲ ತೋಡುವ ನೊಣಕ್ಕೆ ಅದು ಮುಚ್ಚಿದ ಬಾಗಿಲು. ತೋಟದಲ್ಲಿ ಎಲ್ಲೆಡೆ ಹೊದಿಕೆ ಮಾಡಿದರೂ ಈ ತುಂಡನ್ನು ಬಿಟ್ಟುಬಿಡಿ.
5. ಕಳೆ ಬಂದಾಗ ಕುಡುಗೋಲಿನಿಂದ ಸವರಿ. ಗುದ್ದಲಿ ಹಾಕಬೇಡಿ. ಅನೇಕ ಜಾತಿಗಳ ಕೋಣೆಗಳು 10–30 ಸೆಂಟಿಮೀಟರ್ ಆಳದಲ್ಲಿರುತ್ತವೆ, ರೋಟವೇಟರ್ ಒಮ್ಮೆ ಹಾದುಹೋದರೂ ಮೇಲುಮಟ್ಟದ ಮರಿಗಳು ಉಳಿಯುವುದಿಲ್ಲ.

ಬಿಲ ಯಾರದೆಂದು ತಿಳಿಯುವುದು ಸುಲಭ. 3ರಿಂದ 8 ಮಿಲಿಮೀಟರ್ ಅಗಲದ ದುಂಡು ತೂತು, ಸುತ್ತ ಪುಡಿಮಣ್ಣಿನ ಸಣ್ಣ ಗುಪ್ಪೆ. ಇರುವೆಯದಾದರೆ ಸಾಲು ಓಡಾಟ ಇರುತ್ತದೆ. ಜೇನ್ನೊಣದ್ದಾದರೆ ಹತ್ತು ನಿಮಿಷ ಏನೂ ಇರದು, ಆಮೇಲೆ ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡ ಒಂದೇ ನೊಣ ಬಂದು ಸರ್ರನೆ ಒಳಗೆ ಇಳಿಯುತ್ತದೆ. ಜೋರು ಮಳೆಗೆ ಗುಪ್ಪೆ ಕೊಚ್ಚಿ ಹೋಗಿ ತೂತು ಮುಚ್ಚಿದರೆ ಗಾಬರಿ ಬೇಡ, ಬದುಕಿರುವ ಹೆಣ್ಣು ಮತ್ತೆ ತೆರೆಯುತ್ತದೆ.

ನೀಲಿ ಪಟ್ಟೆಗೆ ಮಣ್ಣಿನ ಇಟ್ಟಿಗೆ

ಮಳೆ ತಾಗದ ಹಳೆಯ ಮಣ್ಣಿನ ಗೋಡೆ ಅಮೆಗಿಲ್ಲಾಗೆ ಬಹಳ ಇಷ್ಟ. ಅಂಥ ಗೋಡೆ ನಿಮ್ಮಲ್ಲಿದ್ದರೆ ಸಿಮೆಂಟ್ ಗಿಲಾವು ಮಾಡಿಸದೆ ಒಂದು ಮಗ್ಗುಲಾದರೂ ಬಿಡಿ. ಇಲ್ಲದವರು ಇಟ್ಟಿಗೆ ಮಾಡಬಹುದು.

ಜರಡಿ ಹಿಡಿದ ಕೆಂಪು ಗೋಡುಮಣ್ಣು 2 ಪಾಲು, ಸಣ್ಣ ಮರಳು 1 ಪಾಲು. ಎರೆಮಣ್ಣು ಒಣಗುವಾಗ ಬಿರಿಯುತ್ತದೆ, ಅದೊಂದನ್ನೇ ಬಳಸಬಾರದು. ಸಿಮೆಂಟು, ಸುಣ್ಣ ಬೇಡವೇ ಬೇಡ. ಸಗಣಿಯನ್ನೂ ಹಾಕಬೇಡಿ, ಬೂಷ್ಟು ಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಮಾತ್ರ ನೀರು ಹಾಕಿ ಕಲಸಿ. 30×20 ಸೆಂಟಿಮೀಟರ್ ಬಾಯಿ, 15 ಸೆಂಟಿಮೀಟರ್ ಆಳದ ಮರದ ಪೆಟ್ಟಿಗೆಗೆ ಪದರ ಪದರವಾಗಿ ತುಂಬಿ ಕುಟ್ಟಿ. ಇನ್ನೂ ಹಸಿ ಇರುವಾಗ ಪೆನ್ಸಿಲ್‌ನಿಂದ 8 ಮಿಲಿಮೀಟರ್ ಅಗಲ, 3 ಸೆಂಟಿಮೀಟರ್ ಆಳದ ಆರೆಂಟು ತೂತು ಮಾಡಿ, ತೂತಿನಿಂದ ತೂತಿಗೆ 5 ಸೆಂಟಿಮೀಟರ್ ಅಂತರವಿರಲಿ. ಇವು ಗೂಡುಗಳಲ್ಲ, ನೊಣ ತೋಡಲು ಶುರುಮಾಡಲೆಂದು ಕೊಟ್ಟ ಸುಳಿವು ಮಾತ್ರ. ನೆರಳಿನಲ್ಲಿ ಎರಡು ಮೂರು ವಾರ ಒಣಗಿಸಿ.

ಒಣಗಿದ ಮೇಲೆ ಉಗುರಿನಿಂದ ಕೆರೆದು ನೋಡಿ. ಉಗುರಿಗೆ ಪುಡಿ ಬರಬೇಕು, ಆದರೆ ತುಂಡಾಗಿ ಉದುರಬಾರದು. ಹೆಚ್ಚಿನವರು ಸೋಲುವುದು ಇಲ್ಲೇ. ಮಣ್ಣು ಕಲ್ಲಿನಂತಾದರೆ ನೊಣ ನಾಲ್ಕು ದಿನ ಬಂದು ಕೆರೆದು ಬಿಟ್ಟುಹೋಗುತ್ತದೆ. ಆಗ ಒಡೆದು ಪುಡಿಮಾಡಿ ಇನ್ನಷ್ಟು ಮರಳು ಸೇರಿಸಿ ಮತ್ತೆ ಮಾಡಿ. ಪೆಟ್ಟಿಗೆಯನ್ನು ಅಡ್ಡಕ್ಕೆ, ಬಾಯಿ ಹೊರಮುಖವಾಗಿ, ಸೂರಿನ ಕೆಳಗೆ ನೆಲದಿಂದ ಅರ್ಧ ಮೀಟರ್‌ಗೂ ಮೇಲೆ ಇಡಿ. ಒಂದು ಮಳೆಗೆ ನೆನೆದರೆ ಒಳಗಿನ ಕೋಣೆಗಳೆಲ್ಲ ಹೋದಂತೆ.

ಈ ಇಟ್ಟಿಗೆಯ ಮುಂದೆ ಕಡುಗಪ್ಪು ಮೈಯಲ್ಲಿ ಹೊಳೆಯುವ ನೀಲಿ ಚುಕ್ಕೆಗಳ ನೊಣವೊಂದು ಸುಳಿದಾಡಿದರೆ ಅದು ಥೈರಿಯಸ್. ಕಾಗೆಯ ಗೂಡಿನಲ್ಲಿ ಕೋಗಿಲೆಯಂತೆ ಅಮೆಗಿಲ್ಲಾ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಓಡಿಸಬೇಡಿ. ಅಮೆಗಿಲ್ಲಾ ಚೆನ್ನಾಗಿ ನೆಲೆಸಿದ ಕಡೆಯೇ ಅದು ಬರುವುದು.

ಬಿದಿರಿನ ಕಟ್ಟು

ಮೆಗಾಕೈಲ್‌ಗಳು ತಾವಾಗಿ ಮರ ಕೊರೆಯುವುದಿಲ್ಲ, ಇರುವ ಟೊಳ್ಳನ್ನು ಹುಡುಕುತ್ತವೆ. ಸಣ್ಣ ಬಿದಿರು, ಲಾಳಕಡ್ಡಿ, ಒಣಗಿದ ಹರಳು ಗಿಡದ ಟೊಳ್ಳು ಕಾಂಡ ಎಲ್ಲವೂ ಆಗುತ್ತವೆ. ಪಪ್ಪಾಯಿ ಎಲೆಯ ದಂಟು ಬೇಗ ಕೊಳೆಯುತ್ತದೆ, ಬೇಡ. ಪ್ಲಾಸ್ಟಿಕ್ ಸ್ಟ್ರಾ, ಗಾಜಿನ ಕೊಳವೆ ಕೂಡದು: ಪರಾಗದ ಉಂಡೆಯ ತೇವ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿದು ಮರಿ ಸಾಯುತ್ತದೆ.

ಹಸಿ ಬಿದಿರನ್ನು ಎರಡು ವಾರ ನೀರಿನಲ್ಲಿ ಮುಳುಗಿಸಿಟ್ಟು, ನಡುವೆ ನೀರು ಬದಲಿಸಿ, ನೆರಳಿನಲ್ಲಿ ಒಣಗಿಸಿ. ಪಿಷ್ಟ ಕರಗಿ ಹೋಗಿ ಕುಟ್ಟೆಹುಳು ಕಡಿಮೆಯಾಗುತ್ತದೆ. ರಾಸಾಯನಿಕದಲ್ಲಿ ಅದ್ದಿದ ಬಿದಿರು ಬೇಡ. ಆಮೇಲೆ ಹೀಗೆ ಮಾಡಿ:

1. ಒಂದು ತುದಿಯಲ್ಲಿ ಗೆಣ್ಣು ಉಳಿಯುವಂತೆ 15–20 ಸೆಂಟಿಮೀಟರ್ ಉದ್ದಕ್ಕೆ ಹಲ್ಲು ಸಣ್ಣಗಿರುವ ಗರಗಸದಿಂದ ಕತ್ತರಿಸಿ. ಕತ್ತಿಯಿಂದ ಕಡಿದರೆ ಸೀಳುತ್ತದೆ. ಹಿಂಬದಿ ಮುಚ್ಚಿರಲೇಬೇಕು, ಗೆಣ್ಣಿಲ್ಲದಿದ್ದರೆ ಜೇಡಿಮಣ್ಣು ತುಂಬಿ.
2. ಬಾಯಿಯ ಸಿಬಿರನ್ನು ಉಪ್ಪುಕಾಗದದಿಂದ ಉಜ್ಜಿ. ಸಿಬಿರು ರೆಕ್ಕೆ ಹರಿಯುತ್ತದೆ, ಅಂಥ ಕೊಳವೆಯನ್ನು ನೊಣ ಒಮ್ಮೆ ಇಣುಕಿ ಬಿಡುತ್ತದೆ.
3. ಒಳ ಅಗಲ 6ರಿಂದ 10 ಮಿಲಿಮೀಟರ್ ಇರುವವು ಅರ್ಧಕ್ಕಿಂತ ಹೆಚ್ಚಿರಲಿ. ಉಳಿದವುಗಳಲ್ಲಿ ಕೆಲವು 4–5, ಕೆಲವು 12–18 ಮಿಲಿಮೀಟರ್. ದೊಡ್ಡವು ದುಂಬಿಗೆ.
4. 25–30 ಕೊಳವೆ ಸೇರಿಸಿ ತೆಂಗಿನ ಹುರಿಯಿಂದ ಬಿಗಿಯಾಗಿ ಕಟ್ಟಿ. ಮೇಲೆ ಮಂಗಳೂರು ಹೆಂಚು ಅಥವಾ ತಗಡು, ಬಾಯಿಯಿಂದ 10 ಸೆಂಟಿಮೀಟರ್ ಮುಂದೆ ಚಾಚಿರಲಿ. ಕರಾವಳಿ, ಮಲೆನಾಡಿನಲ್ಲಿ 15–20 ಸೆಂಟಿಮೀಟರ್ ಬೇಕು, ಸೂರಿನಡಿ ಇಟ್ಟರೆ ಇನ್ನೂ ಕ್ಷೇಮ.
5. ನೆಲದಿಂದ 1–1.5 ಮೀಟರ್ ಎತ್ತರದಲ್ಲಿ ಕಂಬಕ್ಕೋ ಗೋಡೆಗೋ ಅಲುಗದಂತೆ ಬಿಗಿಯಿರಿ. ಕೊಂಬೆಗೆ ತೂಗುಹಾಕಿ ಗಾಳಿಗೆ ಆಡುವ ಕಟ್ಟಿಗೆ ನೊಣ ಒಗ್ಗುವುದಿಲ್ಲ.
6. ಬಾಯಿ ಪೂರ್ವಕ್ಕೆ ಅಥವಾ ಆಗ್ನೇಯಕ್ಕೆ. ಮುಂಗಾರಿನ ಎರಚಲು ನೈಋತ್ಯದಿಂದ ಬರುವುದರಿಂದ ಆ ಕಡೆಗೆ ಬೆನ್ನು ಇರಲಿ. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯ ಮಧ್ಯಾಹ್ನ ನೆರಳು ಕಡ್ಡಾಯ, ಇಲ್ಲದಿದ್ದರೆ ಕೋಣೆಯೊಳಗೇ ಮರಿ ಬೇಯುತ್ತದೆ.

ಕೊಳವೆಯ ಉದ್ದಕ್ಕೆ ಒಂದು ಕಾರಣವಿದೆ. ತಾಯಿ ಮೊದಲು ಒಳತುದಿಯ ಕೋಣೆಗಳಲ್ಲಿ ಫಲಿತ ಮೊಟ್ಟೆ ಇಡುತ್ತದೆ, ಅವು ಹೆಣ್ಣಾಗುತ್ತವೆ. ಬಾಗಿಲ ಬಳಿ ಫಲಿತವಾಗದ ಮೊಟ್ಟೆ, ಅವು ಗಂಡು, ಮೊದಲು ಹೊರಬರುವವೂ ಅವೇ. ಕೊಳವೆ 7–8 ಸೆಂಟಿಮೀಟರ್‌ನಷ್ಟು ಗಿಡ್ಡವಾದರೆ ಗಂಡುಗಳ ಪಾಲು ಹೆಚ್ಚುತ್ತದೆ. ನೋಡಲು ಎಲ್ಲ ಕೊಳವೆ ತುಂಬಿದಂತೆ ಕಂಡರೂ ಮುಂದಿನ ತಲೆಮಾರಿಗೆ ಗೂಡು ಕಟ್ಟುವ ಹೆಣ್ಣುಗಳೇ ಕಡಿಮೆ. ಅಂಗಡಿಯಲ್ಲಿ ಸಿಗುವ ಅಲಂಕಾರದ ಪೆಟ್ಟಿಗೆಗಳಲ್ಲಿ ಹಲವಕ್ಕೆ ಈ ದೋಷವಿದೆ. ಕೊಳ್ಳುವ ಮೊದಲು ಒಂದು ಕಡ್ಡಿ ತೂರಿಸಿ ಆಳ ಅಳೆಯಿರಿ.

ನೂರಾರು ಕೊಳವೆಗಳ ಒಂದೇ ದೊಡ್ಡ ಗೋಡೆ ಕಟ್ಟಬೇಡಿ. ಜೇನ್ನೊಣದ ಮರಿಗಳನ್ನೇ ತಿಂದು ಬೆಳೆಯುವ ಪರಾವಲಂಬಿ ಕಣಜಗಳಿಗೂ ನುಸಿಗೂ ಅದು ಸಂತೆ ಇದ್ದಂತೆ. ಸಣ್ಣ ಕಟ್ಟುಗಳನ್ನು ಹತ್ತಿಪ್ಪತ್ತು ಮೀಟರ್ ಅಂತರದಲ್ಲಿ ಹರಡಿ.

ಬೆಂಡಿನ ಕಡ್ಡಿ, ದುಂಬಿಯ ಮರ

ಸೆರಾಟಿನಾಗೆ ಟೊಳ್ಳು ಬೇಡ, ಬೆಂಡು ಬೇಕು. ಕಾಂಡದ ಸಿಪ್ಪೆ ಕೊರೆಯಲು ಅದಕ್ಕಾಗದು. ಮುರಿದ ತುದಿಯಲ್ಲಿ ಬೆಂಡು ಕಂಡರೆ ಮಾತ್ರ ಒಳಹೊಕ್ಕು ತೋಡುತ್ತದೆ. ರತ್ನಗಂಧಿ, ಲಂಟಾನ, ಗುಲಾಬಿ ಗಿಡಗಳನ್ನು ಸವರುವಾಗ ಬೆರಳಿಗಿಂತ ಸಣ್ಣ ರೆಂಬೆಗಳನ್ನು ಬುಡದವರೆಗೂ ತೆಗೆಯದೆ 20–30 ಸೆಂಟಿಮೀಟರ್ ಮೋಟು ಬಿಡಿ, ತುದಿಯನ್ನು ನೇರವಾಗಿ ಕತ್ತರಿಸಿ. ಕತ್ತರಿಸಿದ ಕಡ್ಡಿಗಳನ್ನೂ ಹತ್ತಿಪ್ಪತ್ತು ಸೇರಿಸಿ ಕಟ್ಟಿ ಬೇಲಿಗೆ ಸಿಕ್ಕಿಸಿ. ಇಷ್ಟೇ ಕೆಲಸ. ಆಮೇಲೆ ಒಂದು ವರ್ಷ ಆ ಕಡ್ಡಿಗೆ ಬೆಂಕಿ ಇಡದಿದ್ದರೆ ಸಾಕು.

ದುಂಬಿ ಮನೆಯ ತೊಲೆ, ಜಂತಿ ಕೊರೆಯುತ್ತದೆಂಬ ದೂರು ನಿಜ. ಬಣ್ಣ ಬಳಿಯದ, ಒಣಗಿದ ಮರ ಅದಕ್ಕೆ ಬೇಕು. ಮರಕ್ಕೆ ಬಣ್ಣ ಅಥವಾ ಅಗಸೆ ಎಣ್ಣೆ ಹಚ್ಚಿ, ಹತ್ತಿರದಲ್ಲೇ ಹಳೆಯ ಒಣ ಕೊರಡು ಅಥವಾ 15 ಮಿಲಿಮೀಟರ್ ಒಳ ಅಗಲದ ಬಿದಿರು ಇಡಿ. ತೂತು ಮುಚ್ಚುವುದಾದರೆ ಕೆಲವು ದಿನ ಕಾದು, ಯಾರೂ ಬಂದುಹೋಗುತ್ತಿಲ್ಲ ಎಂದು ಖಚಿತವಾದ ಮೇಲೆ ಮುಚ್ಚಿ. ಒಳಗೆ ಮರಿಗಳಿರುವಾಗ ಸಿಮೆಂಟು ಮೆತ್ತಿದರೆ ಅವು ಸಾಯುತ್ತವೆ, ಇಲ್ಲವೇ ಪಕ್ಕದಿಂದ ಹೊಸ ತೂತು ಕೊರೆದು ಬರುತ್ತವೆ. ಎರಡೂ ನಷ್ಟವೇ.

ಬಾಗಿಲು ಓದುವುದು, ಕೊಳವೆ ಬದಲಿಸುವುದು

ಕಟ್ಟನ್ನು ಬಿಗಿದು ಮರೆತರೆ ಎರಡನೇ ವರ್ಷಕ್ಕೆ ಅದು ರೋಗದ ಗೂಡಾಗುತ್ತದೆ. ವಾರಕ್ಕೊಮ್ಮೆ ನೋಡಿ, ಬಾಗಿಲು ಮುಚ್ಚಿದ ಕೊಳವೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆಯಿರಿ.

ಎಲೆಯ ಬಿಲ್ಲೆಗಳ ಬಾಗಿಲು ಎಲೆ ಕತ್ತರಿಸುವ ಜೇನ್ನೊಣದ್ದು. ಕಂದು, ಅಂಟು ಅಂಟಾದ ರಾಳದ ಬಾಗಿಲು ಮೆಗಾಕೈಲ್ ಡಿಸ್‌ಜಂಕ್ಟಾದಂಥವುಗಳದ್ದು. ಮಣ್ಣಿನ ಬಾಗಿಲಾದರೆ ಮೆಗಾಕೈಲ್ ಲನಾಟಾ ಇರಬಹುದು, ಕಣಜವೂ ಇರಬಹುದು. ಹುಲ್ಲಿನೆಳೆ ಹೊರಚಾಚಿದ್ದರೆ ಅದು ಹುಲ್ಲು ತುಂಬುವ ಕಣಜ. ಗೂಡು ಕಟ್ಟುವ ಈ ಕಣಜಗಳು ಬಂದವೆಂದು ಕಿತ್ತೆಸೆಯಬೇಡಿ. ಅವು ಮರಿಗಳಿಗಾಗಿ ಕಂಬಳಿಹುಳು, ಜೇಡ, ಮಿಡತೆ ಹಿಡಿದು ತುಂಬುತ್ತವೆ, ತರಕಾರಿ ಬೆಳೆಯುವವರಿಗೆ ಉಪಕಾರವೇ. ಹೊಸ ಕಟ್ಟಿನಲ್ಲಿ ಮೊದಲು ಸೇರುವುದು ಅನೇಕ ಸಲ ಕಣಜಗಳೇ.

ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಒಂದರಿಂದ ಒಂದೂವರೆ ತಿಂಗಳು. ಬಾಗಿಲಿನಲ್ಲಿ ದೊಡ್ಡ ತೂತಾದರೆ ಮರಿಗಳು ಹೊರಬಂದಿವೆ. ಬಾಗಿಲಿನಲ್ಲೋ ಪಕ್ಕದಲ್ಲೋ ಸೂಜಿ ಮೊನೆಯಷ್ಟು ಸಣ್ಣ ತೂತುಗಳಿದ್ದರೆ ಪರಾವಲಂಬಿ ಕಣಜ ಬಂದುಹೋಗಿದೆ, ಆ ಕೊಳವೆಯನ್ನು ತಕ್ಷಣ ತೆಗೆದು ಸುಡಿ. ಕೆಲವು ಮರಿಗಳು ಬೇಸಿಗೆ ಅಥವಾ ಚಳಿ ಕಳೆಯಲು ಒಳಗೇ ತಿಂಗಳುಗಟ್ಟಲೆ ನಿದ್ರಿಸುತ್ತವೆ. ಮೂರು ತಿಂಗಳಾಯಿತೆಂದು ಸೀಳಿ ನೋಡಬೇಡಿ, ಮುಂದಿನ ಹೂವಿನ ಕಾಲದವರೆಗೆ ಕಾಯಿರಿ.

ಖಾಲಿಯಾದ ಕೊಳವೆ ಮತ್ತೆ ಬಳಸಬಾರದು. ಒಳಗೆ ನುಸಿ, ಬೂಷ್ಟು ಉಳಿದಿರುತ್ತದೆ. ಅರ್ಧ ತುಂಬಿದ ಹಳೆಯ ಕೊಳವೆಗಳನ್ನು ಏನು ಮಾಡುವುದೆಂಬ ಪ್ರಶ್ನೆಗೆ ಒಂದು ಉಪಾಯವಿದೆ: ಕತ್ತಲೆಯ ಮರದ ಪೆಟ್ಟಿಗೆಯಲ್ಲಿಟ್ಟು, ಬೆಳಕಿನ ಕಡೆಗೆ 12 ಮಿಲಿಮೀಟರ್‌ನ ಒಂದೇ ತೂತು ಬಿಟ್ಟು, ಹೊಸ ಕಟ್ಟಿನ ಪಕ್ಕದಲ್ಲಿಡಿ. ಹುಟ್ಟಿದ ನೊಣಗಳು ಬೆಳಕಿನತ್ತ ಹೊರಬಂದು ಹೊಸ ಕೊಳವೆಗಳಿಗೆ ಹೋಗುತ್ತವೆ, ಹಿಂದಕ್ಕೆ ಹೊಕ್ಕುವುದು ವಿರಳ. ಮರದ ದಿಮ್ಮಿಗೆ ಡ್ರಿಲ್ ಹಾಕಿ ಗೂಡು ಮಾಡಿದವರು ತೂತಿನೊಳಗೆ ಕಂದು ಕಾಗದದ ಸುರುಳಿ ಸೇರಿಸಿದರೆ ಅದನ್ನಷ್ಟೇ ಬದಲಿಸಬಹುದು.

ಇರುವೆ ಹತ್ತದಂತೆ ಕಂಬಕ್ಕೆ ಎರಡು ಬೆರಳಗಲ ಗ್ರೀಸ್ ಪಟ್ಟಿ ಹಚ್ಚಿ, ಧೂಳು ಕೂತಾಗ ಮತ್ತೆ ಹಚ್ಚಿ. ಹಲ್ಲಿ, ಹಕ್ಕಿ ಕಾಟವಿದ್ದರೆ ಕೋಳಿಜಾಲರಿಯನ್ನು ಬಾಯಿಗೆ ಅಂಟಿಸದೆ 5 ಸೆಂಟಿಮೀಟರ್ ಮುಂದಕ್ಕೆ ಉಬ್ಬಿಸಿ ಕಟ್ಟಿ. ದುಂಬಿಯ ಬಿದಿರಿಗೆ ಜಾಲರಿ ಬೇಡ.

ಹೂವು: ವರ್ಷವಿಡೀ, ನಡೆದು ಹೋಗುವ ದೂರದಲ್ಲಿ

ಸಣ್ಣ ಜಾತಿಗಳು ಗೂಡಿನಿಂದ ಕೆಲವು ನೂರು ಮೀಟರ್ ಆಚೆ ಹೋಗುವುದಿಲ್ಲ. ಹೂವು 50–100 ಮೀಟರ್ ಒಳಗಿದ್ದರೆ ತಾಯಿ ಹೆಚ್ಚು ಕೋಣೆ ತುಂಬಬಲ್ಲದು. ತುಳಸಿ ವರ್ಷವಿಡೀ ಇರಲಿ, ಎಲ್ಲ ಹೂತೆನೆ ಚಿವುಟದೆ ನಾಲ್ಕು ಗಿಡ ಬಿಡಿ. ಮಳೆಗಾಲಕ್ಕೆ ತುಂಬೆ, ಎಳ್ಳು, ಸೆಣಬು. ಮಳೆ ಮುಗಿಯುವಾಗ ಹುಚ್ಚೆಳ್ಳು, ತೊಗರಿ. ಚಳಿಗೆ ಅವರೆ, ಕೊತ್ತಂಬರಿ. ಬೇಸಿಗೆಗೆ ಹೊಂಗೆ. ಬದುವಿನ ತಂಗಡಿ ಕಡಿಯಬೇಡಿ, ಕಂಪಿಸಿ ಪರಾಗ ಪಡೆಯುವ ನೊಣಗಳಿಗೆ ಅದು ದೊಡ್ಡ ಆಸರೆ. ಎಲೆ ಕತ್ತರಿಸುವವುಗಳಿಗೆ ಹೂವಿನಷ್ಟೇ ಎಲೆಯೂ ಬೇಕು: ಗುಲಾಬಿ, ತೊಗರಿ, ಬಸವನಪಾದದಂಥ ತೆಳು, ನುಣುಪು ಎಲೆ.

ತೊಗರಿ ಹೊಲದಲ್ಲಿ

ಒಣಭೂಮಿಯ ತೊಗರಿಗೆ ಕಟ್ಟುಗಳನ್ನು ಹೂ ಬಿಡುವುದಕ್ಕೆ ಒಂದೂವರೆ ತಿಂಗಳು ಮೊದಲೇ, ಅಂದರೆ ಆಗಸ್ಟ್ ಕೊನೆಯೊಳಗೆ ಬದುವಿನಲ್ಲಿ ನಿಲ್ಲಿಸಿ. ಎಕರೆಗೆ ಆರೆಂಟು ಕಟ್ಟಿನಿಂದ ಶುರುಮಾಡಿ. ಬದುವಿನುದ್ದಕ್ಕೆ ಒಂದೆರಡು ಸಾಲು ಸೆಣಬು ಬಿತ್ತಿದರೆ ತೊಗರಿ ಅರಳುವವರೆಗೆ ಆಹಾರ ಸಿಗುತ್ತದೆ.

ಕಷ್ಟವಿರುವುದು ಔಷಧಿಯಲ್ಲಿ. ಕಾಯಿಕೊರಕ ಬರುವುದೂ ಹೂವಿನ ಕಾಲದಲ್ಲೇ, ಜೇನ್ನೊಣ ಬರುವುದೂ ಆಗಲೇ. ಔಷಧಿ ಹೂವಿನಿಂದ ಮಾತ್ರ ತಗಲುತ್ತದೆಂದು ತಿಳಿಯಬೇಡಿ. ಎಲೆ ಕತ್ತರಿಸುವ ಜೇನ್ನೊಣ ಔಷಧಿ ಬಿದ್ದ ತೊಗರಿ ಎಲೆಯನ್ನೇ ಒಯ್ದು ಕೋಣೆಗೆ ಹೊದಿಸುತ್ತದೆ, ಮರಿ ಅದರೊಳಗೇ ಬೆಳೆಯುತ್ತದೆ. ನೆಲದ ಗೂಡಿನವಕ್ಕೆ ಬೀಜೋಪಚಾರದ ಔಷಧಿ ಮಣ್ಣಿನಿಂದ ತಗಲಬಹುದು. ಆದ್ದರಿಂದ ಮೊದಲು ಮೋಹಕ ಬಲೆ ಹಾಕಿ ಪತಂಗ ಎಣಿಸಿ, ಹಕ್ಕಿ ಕೂರಲು ಕವಲುಗೋಲು ನೆಡಿ, ಗಿಡ ಬಗ್ಗಿಸಿ ಅಲ್ಲಾಡಿಸಿ ತಾಡಪತ್ರಿಯ ಮೇಲೆ ಹುಳು ಬೀಳಿಸಿ ಆರಿಸಿ, ಹುಳುವಿಗೆ ರೋಗ ತರುವ ಎನ್‌ಪಿವಿ ನಂಜಾಣು ಬಳಸಿ. ಇಷ್ಟಾದರೂ ಹುಳು ಮಿತಿ ಮೀರಿದರೆ ಮಾತ್ರ ಔಷಧಿ ಹೊಡೆಯಿರಿ, ಅದೂ ಸಂಜೆ ನೊಣಗಳ ಹಾರಾಟ ನಿಂತ ಮೇಲೆ. ಬೇವಿನ ಔಷಧಿಯನ್ನೂ ಹಗಲಿನಲ್ಲಿ ಅರಳಿದ ಹೂವಿಗೆ ಹೊಡೆಯಬೇಡಿ.

ಸಂಜೆಯ ಸಿಂಪಡಣೆಯಲ್ಲೂ ಬದು ಇನ್ನೂ ಐದಾರು ಮೀಟರ್ ದೂರವಿರುವಾಗಲೇ ನಿಲ್ಲಿಸಿ, ಗಾಳಿ ಬದುವಿನತ್ತ ಬೀಸುತ್ತಿದ್ದರೆ ಆ ದಿನ ಬಿಟ್ಟುಬಿಡಿ. ಗೂಡಿಲ್ಲದ ಗಂಡು ಅಮೆಗಿಲ್ಲಾಗಳು ಕತ್ತಲಾದ ಮೇಲೆ ಬೇಲಿಯ ಒಣಕಡ್ಡಿ, ಹುಲ್ಲಿನ ದಂಟನ್ನು ದವಡೆಯಿಂದ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ. ಹೊಲದಲ್ಲಿ ಹಾರಾಟ ನಿಂತ ಹೊತ್ತಿಗೆ ಅವೆಲ್ಲ ಇರುವುದು ಆ ಬೇಲಿಯಲ್ಲೇ.